ರಣರಂಗದ ಬಂದೂಕು ಶಿಕಾರಿಗೆ ಬಂದ ಬಗೆ

ಚುನಾವಣೆ ಘೋಷಣೆಯಾಯಿತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪೊಲೀಸ್ ಠಾಣೆಗಳಿಗೆ ಹಳ್ಳಿಗಳಿಂದ ಬಂದೂಕುಗಳು ಬರತೊಡಗುತ್ತವೆ. ಮತದಾನ ಮುಗಿಯುವವರೆಗೆ ಅವನ್ನು ಒಪ್ಪಿಸಿ ರಸೀದಿ ಪಡೆಯುವುದು ವಾಡಿಕೆ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳ ನಡುವೆ ಯಾರದಾದರೂ ಪುಸ್ತಕದಲ್ಲಿ ‘.315 ರೈಫಲ್’ ಎಂದಿದ್ದರೆ, ಅದರ ಬೋಲ್ಟ್ ಎಳೆಯುವ ಬಗೆಯನ್ನು ಹಳೆಯ ಪೇದೆಗೆ ಯಾರೂ ಹೇಳಿಕೊಡಬೇಕಿಲ್ಲ. ತರಬೇತಿಯಲ್ಲಿ ಹೆಗಲಿಗೇರಿಸಿದ .303 ಬಂದೂಕಿನ ಬೋಲ್ಟೇ ಅದು. ಮರ ಬೇರೆ, ನಳಿಗೆ ಬೇರೆ; ಎದೆಗೂಡು ಮಾತ್ರ ಸೈನ್ಯದ್ದು.

ಸೈನ್ಯದ ಬಂದೂಕನ್ನು ಶಿಕಾರಿ ಬಂದೂಕನ್ನಾಗಿ ಮಾಡುವುದು ಜಗತ್ತಿನ ಅನೇಕ ಕಡೆ ದೊಡ್ಡ ಕಸುಬು. ಯುದ್ಧದ ರೈಫಲಿನ ಮರ ನಳಿಗೆಯ ತುದಿಯವರೆಗೂ ಹಾಸಿರುತ್ತದೆ. ಕಾದ ನಳಿಗೆ ಸಿಪಾಯಿಯ ಕೈ ಸುಡಬಾರದು, ತುದಿಗೆ ಬಯೊನೆಟ್ ಸಿಕ್ಕಿಸಬೇಕು ಎಂಬ ಲೆಕ್ಕ. ಬೇಟೆಗಾರನಿಗೆ ಇವೆರಡೂ ಬೇಡ. ಆದ್ದರಿಂದ ಮುಂದಿನ ಮರವನ್ನು ಅರ್ಧಕ್ಕೆ ಕೊಯ್ಯುತ್ತಾರೆ. ಮೇಲಿನ ಮರದ ಹೊದಿಕೆಯನ್ನೂ ಬಯೊನೆಟ್ಟಿನ ಕೊಂಡಿಯನ್ನೂ ತೆಗೆಯುತ್ತಾರೆ. ನಳಿಗೆಯನ್ನು ಮೊಟಕುಗೊಳಿಸುತ್ತಾರೆ ಅಥವಾ ಹೊಸದನ್ನೇ ಕೂರಿಸುತ್ತಾರೆ. ಹೆಗಲಿಗೆ ಒತ್ತುವ ಹಿಂದಿನ ಮರವನ್ನು ಕೈಹಿಡಿತಕ್ಕೆ ತಕ್ಕಂತೆ ಕೆತ್ತಬೇಕು. ಇದು ಚನ್ನಪಟ್ಟಣದ ಬೊಂಬೆಯಂತೆ ಆಲೆ ಮರವನ್ನು ತಿರುಗಣಿಗೆ ಕೊಟ್ಟು ಉರುಟಾಗಿಸುವ ಕೆಲಸವಲ್ಲ, ಉಳಿ ಮತ್ತು ಅರದ ಕೆಲಸ. ಕೊನೆಗೆ ಉಕ್ಕಿಗೆ ನೀಲಿಗಪ್ಪು ಮೆರುಗು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಶಿಕಾರಿಗೆ ಹೊರಟಾಗ ಇಂಥದೇ ಬದಲಾವಣೆ ಮಾಡಿಸಿದ ಸ್ಪ್ರಿಂಗ್‌ಫೀಲ್ಡ್ ಸೈನಿಕ ರೈಫಲ್ ಒಯ್ದಿದ್ದರು. ಎರಡನೆಯ ಮಹಾಯುದ್ಧದ ನಂತರವಂತೂ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಉಳಿಕೆ ಬಂದೂಕುಗಳು ಅಗ್ಗದಲ್ಲಿ ಬಿಕರಿಯಾದವು. ಮನೆಯ ಹಿತ್ತಲಲ್ಲೇ ಗರಗಸ ಹಿಡಿದು ಕುಳಿತವರಿಗೆ ಲೆಕ್ಕವಿಲ್ಲ.

ಭಾರತದಲ್ಲಿ ಹಾಗಾಗಲಿಲ್ಲ. ಇಲ್ಲಿ ಸೈನ್ಯದ ಬಂದೂಕಿಗೂ ಶಿಕಾರಿ ಬಂದೂಕಿಗೂ ನಡುವಿನ ಗೆರೆಯನ್ನು ಎಳೆದದ್ದು ಬಡಗಿಯಲ್ಲ, ಸರ್ಕಾರ. ಅದೂ ಮರದಲ್ಲಲ್ಲ, ನಳಿಗೆಯ ತೂತಿನ ಅಳತೆಯಲ್ಲಿ.

ಇದಕ್ಕೆ ಮೂಲ 1857. ದಂಗೆಗೆ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟಾ ನೆಪವಾದ ಕಥೆ ಶಾಲೆಯ ಪಾಠದಲ್ಲೇ ಇದೆ. ಆಮೇಲೆ ಏನಾಯಿತೆಂಬುದು ಪಾಠದಲ್ಲಿಲ್ಲ. ನಳಿಗೆಯ ಒಳಗಿನ ಸುರುಳಿ ಗೀರುಗಳೇ ಗುಂಡನ್ನು ಗಿರ್ರನೆ ತಿರುಗಿಸಿ ದೂರದ ಗುರಿಗೆ ನೆಟ್ಟಗೆ ಒಯ್ಯುವುದು. ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆ ಆ ಗೀರುಗಳೇ ಇಲ್ಲದ ನುಣುಪು ನಳಿಗೆಯ ಬಂದೂಕುಗಳನ್ನು ಕೊಡಲಾಯಿತು. ನೋಡಲು ಗೋರಾ ಸಿಪಾಯಿಯ ಬಂದೂಕಿನಂತೆಯೇ ಇತ್ತು, ಗುರಿ ಮಾತ್ರ ಹತ್ತಿರದ್ದು. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಆಯುಧ ಕಾಯಿದೆ ಬಂತು. ಮೈಸೂರು ಸಂಸ್ಥಾನವೂ ಈ ಅನುಮಾನದಿಂದ ಹೊರಗುಳಿಯಲಿಲ್ಲ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿಸಿದ ಒಪ್ಪಂದಪತ್ರದಲ್ಲೇ, ಗವರ್ನರ್ ಜನರಲ್ ಒಪ್ಪಿಗೆಯಿಲ್ಲದೆ ಆಯುಧ ತರಿಸುವಂತಿಲ್ಲ, ತಯಾರಿಸಲು ಬಿಡುವಂತಿಲ್ಲ ಎಂಬ ಷರತ್ತಿತ್ತು. ಆಯುಧ ಕಾಯಿದೆಯಿಂದ ವಿನಾಯಿತಿ ಸಿಕ್ಕಿದ್ದು ಪಕ್ಕದ ಕೊಡಗಿನವರಿಗೆ. ಅದು ಇಂದಿಗೂ ನಡೆದುಕೊಂಡು ಬಂದಿದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇನ್ನೊಂದು ಚಿಂತೆ ಹುಟ್ಟಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡು .450 ಅಳತೆಯದು. ದೊರೆಗಳು ಹುಲಿ, ಕಾಟಿ ಹೊಡೆಯುವ ಭಾರಿ ಶಿಕಾರಿ ರೈಫಲುಗಳೂ ಅದೇ ಅಳತೆಯವು. ಶಿಕಾರಿಯ ಹೆಸರಿನಲ್ಲಿ ಬಂದ ಮದ್ದುಗುಂಡು ದಂಗೆಕೋರರ ಕೈ ಸೇರಿದರೆ? .450 ಭಾರತಕ್ಕೆ ಬರಕೂಡದೆಂದು ಸರ್ಕಾರ ತಡೆದಿತು. ಲಂಡನ್ನಿನ ಬಂದೂಕು ತಯಾರಕರು ಸುಮ್ಮನಿರುವರೇ? .465, .470, .475 ಎಂದು ಹೊಸ ಅಳತೆಗಳನ್ನು ಹುಟ್ಟಿಸಿದರು. ಹುಲಿಗೆ ಇದರಿಂದ ಏನೂ ವ್ಯತ್ಯಾಸವಾಗಲಿಲ್ಲ ಎನ್ನಬಹುದು.

ಸೈನ್ಯದ ಚಾಲ್ತಿ ಗುಂಡಾಗಿದ್ದ .303 ಕೂಡ ಜನಸಾಮಾನ್ಯರಿಗೆ ನಿಷಿದ್ಧವಾಯಿತು. ಆದರೆ ಲೀ-ಎನ್‌ಫೀಲ್ಡ್ ಗಟ್ಟಿಮುಟ್ಟಾದ ಯಂತ್ರ. ಧೂಳು, ಮಳೆ, ಕೆಸರಿಗೆ ಜಗ್ಗದು. ಅದನ್ನು ಬಿಡಲು ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಗೆ ಮನಸ್ಸಿರಲಿಲ್ಲ. (ಸೈಕಲ್ಲುಗಳ ಮೇಲೆ ಕಾಣುವ ಬಿಎಸ್‌ಎ ಇದೇ ಹೆಸರು, ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳು ಕಂಪನಿಯ ಲಾಂಛನವಾಗಿದ್ದವು.) ಅದೇ ಯಂತ್ರಕ್ಕೆ .315 ಅಳತೆಯ, ಅಂದರೆ 8 ಮಿಲಿಮೀಟರಿನ ನಳಿಗೆ ಹೊಂದಿಸಿ, ಮರ ಮೊಟಕುಗೊಳಿಸಿ ಕಂಪನಿ ಭಾರತದ ಮಾರುಕಟ್ಟೆಗೆ ಕಳಿಸಿತು. ಸೈನ್ಯದ .303 ತೋಟಾ ಅದರಲ್ಲಿ ಕೂರುವುದಿಲ್ಲ. ಕಾನೂನಿಗೆ ಬೇಕಾದದ್ದು ಅಷ್ಟೆ.

ತಮಾಷೆಯೆಂದರೆ .315 ತೋಟಾ ಕೂಡ ಸೈನ್ಯದ್ದೇ, ಬೇರೆಯವರ ಸೈನ್ಯದ್ದು. ಆಸ್ಟ್ರಿಯಾ-ಹಂಗೆರಿಯ ಮ್ಯಾನ್‌ಲಿಕರ್ ರೈಫಲಿಗಾಗಿ ಹುಟ್ಟಿದ ತೋಟಾ ಅದು. 1918ರ ಸೆಪ್ಟೆಂಬರ್ 23ರಂದು ಹೈಫಾದ ಕಾರ್ಮೆಲ್ ಬೆಟ್ಟದ ಮೇಲೆ ಮೈಸೂರು ಲ್ಯಾನ್ಸರ್ಸ್ ಸವಾರರು ನುಗ್ಗಿ ಹಿಡಿದದ್ದು ಇದೇ ಆಸ್ಟ್ರಿಯಾದವರ ಫಿರಂಗಿಗಳನ್ನು. ಶತ್ರುವಿನ ಪದಾತಿದಳದ ತೋಟಾ ಊರಿನಲ್ಲಿ ಜಿಂಕೆ, ಹಂದಿ ಹೊಡೆಯಲು ಲೈಸೆನ್ಸಿಗೆ ದೊರೆಯುತ್ತಿತ್ತು. ಸ್ವಂತ ಸೈನ್ಯದ ತೋಟಾ ದೊರೆಯುತ್ತಿರಲಿಲ್ಲ.

ಇಂಥ ಬಂದೂಕಿಗೆ ಈ ಸೀಮೆಯಲ್ಲಿ ಕೆಲಸಕ್ಕೇನೂ ಕೊರತೆಯಿರಲಿಲ್ಲ. ರಾಮನಗರ ಊರು ಹುಟ್ಟಿದ್ದೇ ಕಾಡಿನ ಭಯದಿಂದ. 1800ರ ಸುಮಾರಿಗೆ, ದಟ್ಟ ಕಾಡಿನ ನಡುವೆ ಹಾದುಹೋಗುವ ಹೆದ್ದಾರಿಗೆ ರಕ್ಷಣೆಯಾಗಲೆಂದು ದಿವಾನ್ ಪೂರ್ಣಯ್ಯ ಇಲ್ಲಿ ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಸಾವನದುರ್ಗ, ರಾಮದೇವರ ಬೆಟ್ಟದ ಬಂಡೆಗಳ ಸಂದಿಯಲ್ಲಿ ಚಿರತೆ, ಕರಡಿ. ಕನಕಪುರದ ದಕ್ಷಿಣಕ್ಕೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದ ಕಾಡಿನಲ್ಲಿ ಆನೆ. ಬೆಂಗಳೂರಿನ ಸುತ್ತಲ ಕಾಡುಗಳನ್ನು ಅಲೆದ ಕೆನೆತ್ ಆಂಡರ್ಸನ್ (1910–1974) ಕೈಯಲ್ಲಿದ್ದದ್ದು ವಿಂಚೆಸ್ಟರ್ 1895 ಮಾದರಿಯ .405 ರೈಫಲ್. ಅದೂ ರಣರಂಗ ಕಂಡ ಮಾದರಿಯೇ: ಮೊದಲ ಮಹಾಯುದ್ಧದಲ್ಲಿ ರಷ್ಯ ಸುಮಾರು ಮೂರು ಲಕ್ಷ ಇಂಥ ವಿಂಚೆಸ್ಟರುಗಳನ್ನು ತನ್ನ ತೋಟಾಕ್ಕೆ ಹೊಂದಿಸಿಕೊಂಡು ಕೊಂಡಿತ್ತು. ಆದರೆ .405 ಯಾವ ಸೈನ್ಯದ ಗುಂಡೂ ಅಲ್ಲವಾದ್ದರಿಂದ ಆಂಡರ್ಸನ್‌ಗೆ ತೊಡಕಾಗಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದ ಕನ್ನಡಿಗರಿಗೆ ಈ ಬೇಟೆಗಾರ ಹೊಸಬನೇನಲ್ಲ.

ಸ್ವಾತಂತ್ರ್ಯ ಬಂದರೂ ಅಳತೆಯ ಅನುಮಾನ ಹೋಗಲಿಲ್ಲ. 1959ರ ಆಯುಧ ಕಾಯಿದೆ 1962ರಲ್ಲಿ ಜಾರಿಯಾದಾಗಲೂ ‘ನಿಷಿದ್ಧ ಬೋರ್’, ‘ನಿಷಿದ್ಧವಲ್ಲದ ಬೋರ್’ ಎಂಬ ವಿಂಗಡಣೆ ಹಾಗೆಯೇ ಉಳಿಯಿತು. .303 ಮೊದಲನೆಯ ಗುಂಪಿನಲ್ಲಿ, .315 ಎರಡನೆಯದರಲ್ಲಿ. ಕಲ್ಕತ್ತೆಯ ಹತ್ತಿರದ ಇಷಾಪುರ ರೈಫಲ್ ಕಾರ್ಖಾನೆ ಸೈನ್ಯಕ್ಕೆ .303 ತಯಾರಿಸುತ್ತಿದ್ದ ಅಚ್ಚಿನಲ್ಲೇ .315 ಶಿಕಾರಿ ರೈಫಲನ್ನೂ ತಯಾರಿಸಿತು. ಹಳೆಯದನ್ನು ಕೊಯ್ದು ಮಾಡಿದ್ದಲ್ಲ, ಹೊಸದಾಗಿಯೇ ಮಾಡಿದ್ದು. ಸೈನಿಕನದಕ್ಕೆ ಹತ್ತು ತೋಟಾ ಹಿಡಿಯುತ್ತಿತ್ತು, ಇದಕ್ಕೆ ಐದು. 2021ರಿಂದ ಆ ಕಾರ್ಖಾನೆ ಸರ್ಕಾರದ್ದೇ ಆದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಅಡಿ ಇದೆ.

ಹಾಗಾದರೆ ಸೈನ್ಯದ ಉಳಿಕೆ .303ಗಳು ಎಲ್ಲಿಗೆ ಹೋದವು? ಬಹುಪಾಲು ಪೊಲೀಸರಿಗೆ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ರೈಲು ನಿಲ್ದಾಣದಲ್ಲಿ ಭಯೋತ್ಪಾದಕರ ಎದುರು ಪೊಲೀಸರ ಕೈಯಲ್ಲಿದ್ದದ್ದು ಅದೇ. ಉತ್ತರಪ್ರದೇಶ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕೆಲವನ್ನು ಇಷಾಪುರದಲ್ಲಿ ಸುರುಳಿ ಗೀರು ಕೊರೆದು ತೆಗೆದು, ತೋಟಾ ಪೆಟ್ಟಿಗೆಗೆ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ಈಡು ಹಾರುವ .410 ಮಸ್ಕೆಟ್ ಆಗಿಸಿ ಕಾವಲಿನವರಿಗೆ ಕೊಟ್ಟರು. 1857ರ ನಂತರದ ಉಪಾಯ ಇಲ್ಲಿ ಮರುಕಳಿಸಿದೆ. ಗೀರು ತೆಗೆದರೆ ಬಂದೂಕು ಸಾಧುವಾಗುತ್ತದೆ ಎಂಬ ನಂಬಿಕೆ.

ಖಾಸಗಿಯವರು ಗರಗಸ ಮುಟ್ಟುವಂತಿಲ್ಲ. ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕುಗೊಳಿಸುವುದು ಕಾಯಿದೆಯ ಆರನೆಯ ಕಲಮಿನಂತೆ ಅಪರಾಧ. 2019ರ ತಿದ್ದುಪಡಿ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದನ್ನೂ ಇದಕ್ಕೆ ಸೇರಿಸಿತು. ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದದ್ದು ಆಗಲೇ ಎರಡಕ್ಕೆ ಇಳಿಯಿತು.

ಅಷ್ಟಕ್ಕೂ ಶಿಕಾರಿ ಎಲ್ಲಿದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಬಾಗಿಲು ಮುಚ್ಚಿತು. ಸಂಗಮದ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಧಾಮದೊಳಗೆ ಸೇರಿತು. ಬನ್ನೇರುಘಟ್ಟ ಮತ್ತು ಕಾವೇರಿ ಕಾಡಿನ ಆನೆಗಳು ಕನಕಪುರ, ಚನ್ನಪಟ್ಟಣದ ರಾಗಿ ಹೊಲ, ಬಾಳೆತೋಟಕ್ಕೆ ಇಳಿದಾಗ ರೈತನಿಗೆ ಆಸರೆ ಪಟಾಕಿ, ತಮಟೆ, ಕೂಗು. ಗೋಡೆಯ ಮೊಳೆಗೆ ತೂಗುಹಾಕಿದ ರೈಫಲನ್ನು ಆನೆಯತ್ತ ಹಿಡಿದರೆ ಜೈಲು. ಕಾಡುಹಂದಿಗೂ ಅನುಮತಿಪತ್ರ ಬೇಕು. ಬೆಳೆ ಹೋದವನ ಸಿಟ್ಟು ಅರ್ಥವಾಗದ್ದೇನಲ್ಲ. ಹಾಗೆಂದು ಬಂದೂಕಿಗೆ ಬಾಗಿಲು ತೆರೆದರೆ ಕಾಡಿನಲ್ಲಿ ಏನು ಉಳಿದೀತು ಎಂಬ ಪ್ರಶ್ನೆಯನ್ನೂ ಹಗುರವಾಗಿ ತಳ್ಳುವಂತಿಲ್ಲ.

ಮತ ಎಣಿಕೆ ಮುಗಿದ ಮೇಲೆ ರಸೀದಿ ತೋರಿಸಿ ಬಂದೂಕು ಬಿಡಿಸಿಕೊಂಡು ಹೋಗುತ್ತಾರೆ. ನಳಿಗೆಗೆ ಎಣ್ಣೆ ಬಟ್ಟೆ ಎಳೆದು ಮತ್ತೆ ಗೋಡೆಗೆ ತೂಗುಹಾಕಿದರೆ, ಅದು ಕೆಳಗಿಳಿಯುವುದು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳಲು, ಇಲ್ಲವೇ ಲೈಸೆನ್ಸ್ ನವೀಕರಣದ ಹೊತ್ತಿಗೆ.