ಮನೆಯ ವಿಡಿಯೊ ಕನ್ವರ್ಟರ್ ಮತ್ತು ಸ್ವಿಚ್‌ಗಳ ಆಯ್ಕೆ

ಒಂದು ಸಾಧನದಿಂದ ಬರುವ ಚಿತ್ರಸಂಕೇತವನ್ನು ಇನ್ನೊಂದು ಸಾಧನ ಒಪ್ಪದಿದ್ದಾಗ ನಡುವೆ ಕೂರಿಸುವ ಡಬ್ಬಿಯೇ ಕನ್ವರ್ಟರ್. ಹಲವು ಸಾಧನಗಳ ಪೈಕಿ ಒಂದನ್ನು ಆರಿಸಿ ಟಿ.ವಿ.ಗೆ ಒದಗಿಸುವುದು ಸ್ವಿಚ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಹಳೆಯ ಸೆಟ್‌ಟಾಪ್ ಬಾಕ್ಸ್, ಮದುವೆಯ ವಿಡಿಯೊ ಕ್ಯಾಸೆಟ್, ಹೊಸ ಎಲ್‌ಇಡಿ ಟಿ.ವಿ. ಒಂದೇ ಮನೆಯಲ್ಲಿ ಕೂಡಿದಾಗ ಕನ್ವರ್ಟರ್, ಸ್ವಿಚ್ಚುಗಳ ಮಾತು ಬರುತ್ತದೆ.

ಈ ತಾಲ್ಲೂಕುಗಳಿರುವ ವಿಜಯಪುರ ಜಿಲ್ಲೆಗೆ ಕನ್ವರ್ಟರ್ ಬಂದದ್ದು ಅರ್ಧ ಶತಮಾನದ ಹಿಂದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಿಜಾಪುರ (ಇಂದಿನ ವಿಜಯಪುರ), ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಸೇರಿದ್ದವು. ನಾಸಾದಿಂದ ವರ್ಷದ ಮಟ್ಟಿಗೆ ಪಡೆದ ಎಟಿಎಸ್-6 ಉಪಗ್ರಹವು 860 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ರೂಪದಲ್ಲಿ ಚಿತ್ರ ಕಳಿಸುತ್ತಿತ್ತು. ಅಂಗಡಿಯ ಟಿ.ವಿ.ಗೆ ಅದು ದಕ್ಕುವಂತಿರಲಿಲ್ಲ. ಹಾಗಾಗಿ ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾಕ್ಕೂ ಊರಮಂದಿ ಕೂತು ನೋಡುವ ಪೆಟ್ಟಿಗೆಗೂ ನಡುವೆ ಕನ್ವರ್ಟರ್ ಇರುತ್ತಿತ್ತು. ಚಿತ್ರವಾಹಿನಿ ಒಂದು, ಧ್ವನಿವಾಹಿನಿ ಎರಡು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ! ಎಟಿಎಸ್-6 ನಿಂತಿದ್ದ ಜಾಗ 35 ಡಿಗ್ರಿ ಪೂರ್ವ ರೇಖಾಂಶವಾದ್ದರಿಂದ ಆ ಬಲೆಗಳ ಮುಖ ಪಶ್ಚಿಮದ ಕಡೆಗಿತ್ತು. ಇಂದಿನ ಡಿಡಿ ಫ್ರೀ ಡಿಶ್‌ನ ಉಪಗ್ರಹ ಇರುವುದು 93.5 ಡಿಗ್ರಿಯಲ್ಲಿ, ಮಾಳಿಗೆಯ ಮೇಲಿನ ಡಿಶ್ ಈಗ ಆಗ್ನೇಯಕ್ಕೆ ತಿರುಗಿದೆ.

ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆ ಸೇವೆ 2004ರಲ್ಲಿ ಆರಂಭವಾಯಿತು. ಅದರ ಸಾದಾ ಬಾಕ್ಸುಗಳಲ್ಲಿ ಇರುವುದು ಹಳದಿ, ಕೆಂಪು, ಬಿಳಿ ಬಣ್ಣದ ಎವಿ ಕಿಂಡಿಗಳು. ಹಳದಿ ವೈರಿನಲ್ಲಿ ಬೆಳಕು ಮತ್ತು ಬಣ್ಣದ ಮಾಹಿತಿ ಒಂದಾಗಿಯೇ ಹರಿಯುತ್ತದೆ. ಭಾರತದ ಪಾಲ್ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಗೆರೆಗಳು 576, ಸೆಕೆಂಡಿಗೆ 25 ಚಿತ್ರ. ಎಚ್‌ಡಿಎಂಐ ಹಾಗಲ್ಲ. ಅದರಲ್ಲಿ ಸಾಗುವುದು ಅಂಕೆಗಳು. ಫುಲ್ ಎಚ್‌ಡಿ ಚಿತ್ರಕ್ಕೆ ಗೆರೆಗಳು 1080.

ಆದ್ದರಿಂದ ಮೊದಲು ಗೊತ್ತಾಗಬೇಕಾದ್ದು ದಿಕ್ಕು. ಹಳೆಯ ಬಾಕ್ಸಿನಿಂದ ಹೊಸ ಟಿ.ವಿ.ಗೆ ಹೋಗಬೇಕಾದರೆ ‘ಎವಿ ಟು ಎಚ್‌ಡಿಎಂಐ’, ಹೊಸ ಸ್ಟ್ರೀಮಿಂಗ್ ಸ್ಟಿಕ್ಕಿನಿಂದ ಹಳೆಯ ಡಬ್ಬಾ ಟಿ.ವಿ.ಗಾದರೆ ‘ಎಚ್‌ಡಿಎಂಐ ಟು ಎವಿ’. ಒಂದನ್ನು ತಿರುಗಿಸಿ ಜೋಡಿಸಿದರೆ ಇನ್ನೊಂದಾಗದು. ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದರಲ್ಲಿ ಮೂರು ಬಣ್ಣದ ಪಿನ್ನು ಇರುವ ಬರೀ ವೈರೂ ಮಾರಾಟಕ್ಕಿದೆ. ಒಳಗೆ ಚಿಪ್ ಇಲ್ಲದೆ ಅದು ಏನನ್ನೂ ಪರಿವರ್ತಿಸುವುದಿಲ್ಲ, ದುಡ್ಡು ದಂಡ.

ಎಷ್ಟೋ ಸಲ ಕನ್ವರ್ಟರೇ ಬೇಕಿರುವುದಿಲ್ಲ. ಅನೇಕ ಎಲ್‌ಇಡಿ ಟಿ.ವಿ.ಗಳಲ್ಲಿ ಎವಿ ಕಿಂಡಿ ಇನ್ನೂ ಇದೆ, ಇಯರ್‌ಫೋನ್ ತೂತಿನಂಥ ಸಣ್ಣ ರೂಪದಲ್ಲಿ. ಅದಕ್ಕೆ ಚುಚ್ಚುವ 3.5 ಮಿ.ಮೀ. ಪಿನ್ನಿನ ಮೈಮೇಲೆ ಮೂರು ಗೆರೆಗಳಿದ್ದು, ಲೋಹ ನಾಲ್ಕು ತುಂಡಾಗಿರುತ್ತದೆ. ಯಾವ ತುಂಡಿಗೆ ಚಿತ್ರ, ಯಾವುದಕ್ಕೆ ಅರ್ತ್ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಳದಿಯಲ್ಲಿ ಚಿತ್ರ ಬಾರದಿದ್ದರೆ ಕೆಂಪು ತುದಿಯನ್ನು ಆ ಕಿಂಡಿಗೆ ಹಾಕಿ ನೋಡುವುದುಂಟು. ಆಗಲೂ ಬಾರದಿದ್ದರೆ ಆ ಟಿ.ವಿ.ಯದೇ ವೈರು ಬೇಕು.

ಕನ್ವರ್ಟರಿನ ಮೈಮೇಲೆ ಬರೆದ ‘1080ಪಿ’ಯನ್ನು ನಂಬಿ ಹಳೆಯ ಚಿತ್ರ ಥಳಥಳಿಸುತ್ತದೆ ಎಂದುಕೊಳ್ಳುವುದು ಬೇಡ. ಇಲ್ಲದ ವಿವರವನ್ನು ಅದು ತಂದುಕೊಡಲಾರದು, ಇರುವುದನ್ನು ಹಿಗ್ಗಿಸುತ್ತದೆ. ಬರಿದೇ ಹಿಗ್ಗಿಸಿದರೆ 4:3 ಅಳತೆಯ ಮದುವೆ ವಿಡಿಯೊದಲ್ಲಿ ಮದುಮಗ ಅಡ್ಡಡ್ಡ ಊದಿಕೊಂಡು ಕಾಣುತ್ತಾನೆ, ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಅಳತೆ ಸರಿಪಡಿಸಬೇಕು. ಸವೆದ ವಿಎಚ್‌ಎಸ್ ಟೇಪಿನ ಸಂಕೇತ ಅಲುಗಾಡುತ್ತಿದ್ದರೆ ಅಗ್ಗದ ಡಬ್ಬಿಗಳು ಪದೇ ಪದೇ ಚಿತ್ರ ಕಳೆದುಕೊಳ್ಳುತ್ತವೆ.

ಸ್ವಿಚ್ ಕೊಳ್ಳಹೋದವರ ಕೈಗೆ ಸ್ಪ್ಲಿಟ್ಟರ್ ಬರುವುದು ಅಪರೂಪವಲ್ಲ. ಹಲವನ್ನು ಒಂದು ಟಿ.ವಿ.ಗೆ ಸೇರಿಸುವುದು ಸ್ವಿಚ್, ಒಂದನ್ನು ಹಲವು ಟಿ.ವಿ.ಗೆ ಹಂಚುವುದು ಸ್ಪ್ಲಿಟ್ಟರ್. ಟಿ.ವಿ.ಯಲ್ಲೇ ಎರಡು ಮೂರು ಎಚ್‌ಡಿಎಂಐ ಕಿಂಡಿಗಳಿದ್ದರೆ ಸ್ವಿಚ್ಚೇ ಬೇಡ. ಕೆಲವು ಸಾಧನಗಳು ನಕಲು ತಡೆಯುವ ಎಚ್‌ಡಿಸಿಪಿ ಬೀಗ ಹಾಕಿಯೇ ಚಿತ್ರ ಕಳಿಸುತ್ತವೆ. ನಡುವಿನ ಡಬ್ಬಿ ಅದನ್ನು ನಿಭಾಯಿಸದಿದ್ದರೆ ಪರದೆ ಕಪ್ಪಾಗುತ್ತದೆ, ದೋಷ ವೈರಿನದೆಂದು ಜನ ವೈರು ಬದಲಿಸುತ್ತಾ ಕೂರುತ್ತಾರೆ.

ಕನ್ವರ್ಟರಿಗೆ ಸಾಮಾನ್ಯವಾಗಿ 5 ವೋಲ್ಟ್ ಕರೆಂಟು ಬೇಕು. ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದ ಕೊಟ್ಟಾಗ ಚಿತ್ರ ಬಂದು ಬಂದು ಹೋಗುತ್ತಿದ್ದರೆ ಮೊಬೈಲಿನ ಚಾರ್ಜರ್ ಹಾಕಿ ನೋಡಬಹುದು. ಗುಡುಗು ಮಳೆಯ ದಿನಗಳಲ್ಲಿ ಪ್ಲಗ್ ಕಿತ್ತರಷ್ಟೇ ಸಾಲದು. ಮಾಳಿಗೆಯ ಡಿಶ್‌ನಿಂದ ಇಳಿಯುವ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿಡಬೇಕು, ಆ ದಾರಿಯಲ್ಲಿ ಬರುವ ಹೊಡೆತ ಬಾಕ್ಸು, ಕನ್ವರ್ಟರ್ ದಾಟಿ ಟಿ.ವಿ.ಯ ಎಚ್‌ಡಿಎಂಐ ಕಿಂಡಿಯವರೆಗೂ ಹೋಗಬಲ್ಲದು.