ಹಗೇವಿನಿಂದ ಆಪದ್ಧನದವರೆಗೆ



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಘ ಹುಟ್ಟಿ ಬೆಳೆದ ಕಥೆಯನ್ನು ಹಿರಿಯರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ಎಷ್ಟು ಠೇವಣಿ ಬಂತು, ಎಷ್ಟು ಸಾಲ ಕೊಟ್ಟೆವು ಎಂಬುದು ವಾರ್ಷಿಕ ವರದಿಯಲ್ಲಿದೆ. ನಾವು ಬರೆಯಹೊರಟಿದ್ದು ಬೇರೆ ಲೆಕ್ಕ. ಕೆಟ್ಟ ಕಾಲ ಬಂದರೆ ಏನು ಗತಿ ಅಂತ ನಮ್ಮ ಸೀಮೆಯವರು ಮೊದಲೇ ಯೋಚಿಸಿಟ್ಟುಕೊಂಡದ್ದು ಹೇಗೆ, ಯೋಚಿಸದೆ ಇದ್ದಲ್ಲಿ ಏನಾಯಿತು ಎಂಬುದರ ಲೆಕ್ಕ. ಓದಿದವರು ಇದಕ್ಕೆ ‘ರಿಸ್ಕ್ ಮ್ಯಾನೇಜ್‌ಮೆಂಟ್’ ಅಂತಾರೆ. ನಮ್ಮ ಹಿರಿಯರು ಅದನ್ನೇ ಮುಂದಾಲೋಚನೆ ಅಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಹಿರಿಯರ ಮೂರು ಉಪಾಯ

ಮೊದಲನೆಯದು ಹಗೇವು. ಒಳ್ಳೆ ಬೆಳೆ ಬಂದ ವರ್ಷ ತಿಂದು ಉಳಿದ ಜೋಳ, ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ಗಾಳಿ, ನೀರು ಆಡದಂತೆ ಮುಚ್ಚಿದ್ದರಿಂದ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಎರಡನೆಯದು ಅಕ್ಕಡಿ ಸಾಲು. ಒಂದೇ ಹೊಲದಲ್ಲಿ ಜೋಳದ ಜೊತೆಗೆ ತೊಗರಿ, ಅವರೆ, ಹುಚ್ಚೆಳ್ಳು ಹಾಕುತ್ತಿದ್ದರು. ಮಳೆ ಮುಂದೆ ಹೋದರೆ ಒಂದು, ಹಿಂದೆ ಬಂದರೆ ಇನ್ನೊಂದು ಕೈಹಿಡಿಯುತ್ತಿತ್ತು. ಎಲ್ಲವೂ ಒಂದೇ ಸಲ ಕೈಕೊಡುವುದು ಅಪರೂಪ.

ಮೂರನೆಯದು ಕೆರೆ. ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದೇ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಇದನ್ನು ಬಿತ್ತುವಟ್ಟ, ಕೆರೆಗೊಡಗೆ ಎಂದು ಬರೆದಿದ್ದಾರೆ. ಏರಿ ಒಡೆದ ಮೇಲೆ ಚಂದಾ ಎತ್ತುವ ಪದ್ಧತಿ ಇದಲ್ಲ, ಒಡೆಯುವ ಮೊದಲೇ ಹಣದ ದಾರಿ ಮಾಡಿಡುವ ಪದ್ಧತಿ. ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇಂದಿಗೂ ನೀರು ನಿಲ್ಲಿಸಿಕೊಂಡು ನಿಂತಿದೆ. ಕಟ್ಟಿದವರ ಪುಣ್ಯ ದೊಡ್ಡದು, ಕಾಪಾಡಿಕೊಂಡು ಬಂದವರ ಪುಣ್ಯವೂ ಸಣ್ಣದಲ್ಲ.

ಹಾಗಂತ ಇವೆಲ್ಲ ಇದ್ದರೆ ಸಾಕಾಗುತ್ತಿತ್ತು ಅಂತ ಅಲ್ಲ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರ ಹಗೇವುಗಳನ್ನೆಲ್ಲ ಬರಿದು ಮಾಡಿತು. ದಾವಣಗೆರೆ, ಹರಿಹರ ಸೇರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಗೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಒಂದು ಮನೆಯ ಹಗೇವು ಒಂದು ವರ್ಷದ ಬರಕ್ಕೆ ಸಾಕು. ಊರಿಗೂರೇ, ವರ್ಷದ ಮೇಲೆ ವರ್ಷ ಬಂದರೆ ಒಬ್ಬೊಬ್ಬರ ಉಳಿತಾಯ ಸಾಲದು. ಹತ್ತು ಜನ ಕೂಡಿ ಹೊರಬೇಕು.

ಕೂಡಿ ಹೊರುವ ಕಟ್ಟು

ಕೂಡಿ ಹೊರುವ ಈ ದಾರಿಯನ್ನು ಜರ್ಮನಿಯಲ್ಲಿ ರೈಫೈಸನ್ ಎಂಬ ಊರ ಅಧಿಕಾರಿ ಅದೇ ಶತಮಾನದಲ್ಲಿ ತೋರಿಸಿದ್ದರು. ಸಣ್ಣ ರೈತರು ಒಂದೂರಿನಲ್ಲಿ ಸೇರಿ ಸಂಘ ಮಾಡಿಕೊಂಡು, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ನಿಲ್ಲುವ ಕ್ರಮ ಅದು. ನಮ್ಮ ದೇಶದಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು ಈ ಮಾದರಿಯ ಮೇಲೆ. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಸಂಘಗಳ ಕಾಯಿದೆ ಮಾಡಿತು.

ಆಗಿನ ಕಟ್ಟುಗಳನ್ನು ಇವತ್ತು ಓದಿದರೆ ಆಶ್ಚರ್ಯ ಆಗುತ್ತೆ. ಪರಸ್ಪರ ಗುರುತಿರುವ ಒಂದೂರಿನವರೇ ಸದಸ್ಯರು. ಯಾಕಂದ್ರೆ ಯಾರು ಸಾಲ ತೀರಿಸುವವ, ಯಾರು ಕೈಎತ್ತುವವ ಅನ್ನೋದು ಊರವರಿಗೆ ಗೊತ್ತಿರುವಷ್ಟು ಪೇಟೆಯ ಬ್ಯಾಂಕಿಗೆ ಗೊತ್ತಿರದು. ಹಳ್ಳಿಯ ಸಂಘದ ಹೊಣೆಗೆ ಮಿತಿಯಿಲ್ಲ. ಹಾಗಾಗಿ ಪಕ್ಕದವನ ಸಾಲ ನಮ್ಮ ಮನೆಯ ವಿಷಯವೂ ಆಯಿತು. ಬಂದ ಲಾಭವನ್ನು ಕೂಡಲೇ ಹಂಚಿಕೊಳ್ಳದೆ ಆಪದ್ಧನಕ್ಕೆ ಹಾಕಬೇಕು. ಲೆಕ್ಕವನ್ನು ಹೊರಗಿನವರು ಬಂದು ನೋಡಬೇಕು. ಇಂದಿನ ನಮ್ಮ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಲ್ಲಿಯೂ ನಿವ್ವಳ ಲಾಭದ ಶೇಕಡಾ 25ಕ್ಕೆ ಕಡಿಮೆಯಿಲ್ಲದಂತೆ ಆಪದ್ಧನಕ್ಕೆ ಸೇರಿಸಬೇಕೆಂಬ ನಿಯಮ ಉಳಿದಿದೆ. ಇದು ಹಗೇವೇ. ಒಂದು ಮನೆಯದಲ್ಲ, ಊರಿನದು, ಅಷ್ಟೇ ವ್ಯತ್ಯಾಸ.

ಗಿರಣಿಯ ಊರು, ಲೇತಿನ ಊರು

ಇನ್ನು ನಮ್ಮ ಪೇಟೆಗಳ ಕಥೆ. ಸುತ್ತಲ ಎರೆ ಹೊಲದ ಹತ್ತಿ ನಂಬಿ ದಾವಣಗೆರೆಯಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಬಟ್ಟೆ ಗಿರಣಿ ಎದ್ದವು. ಒಂದರ ಹಿಂದೆ ಒಂದು ಬಂದು, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಗಿರಣಿಯ ಸೈರನ್ನೇ ಊರಿನ ಗಡಿಯಾರ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತುಗಳು ದೇಶದ ಎಲ್ಲ ಮೂಲೆಗೂ ಹೋದವು. ಕಿರ್ಲೋಸ್ಕರ್‌ನಲ್ಲಿ ನೌಕರಿ ಅಂದರೆ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿರಲಿಲ್ಲ.

ಆಮೇಲೆ ಏನಾಯಿತು ಅನ್ನೋದು ನಮ್ಮ ತಲೆಮಾರಿನವರು ಕಣ್ಣಾರೆ ಕಂಡದ್ದು. ಯಂತ್ರಗಳು ಹಳತಾದವು. ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಸಿಗತೊಡಗಿತು. ಭದ್ರಾ ನೀರು ಬಂದ ಮೇಲೆ ಹತ್ತಿ ಹೊಲ ಭತ್ತದ ಗದ್ದೆಯಾಯಿತು. ದಾವಣಗೆರೆ ಗಿರಣಿಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. 1991ರ ಹೊಸ ಆರ್ಥಿಕ ನೀತಿಯ ನಂತರ ಕಂಪ್ಯೂಟರ್ ಹಿಡಿತದ ಯಂತ್ರಗಳು ಹೊರದೇಶದಿಂದ ಸಲೀಸಾಗಿ ಬಂದವು. ಹರಿಹರದ ಕಾರ್ಖಾನೆಯೂ ಹೊಸ ಶತಮಾನದ ಆರಂಭದಲ್ಲಿ ಮುಚ್ಚಿತು. ಕೆಲಸಗಾರರ ಮನೆಗಳ ಜೊತೆಗೆ ಚಹಾದಂಗಡಿ, ಸೈಕಲ್ ಶಾಪು, ಬಾಡಿಗೆ ಮನೆ ಎಲ್ಲವೂ ಸೊರಗಿದವು.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಗಂಡಾಂತರ ಒಂದೇ ದಿನ ಬರಲಿಲ್ಲ, ಹತ್ತಾರು ವರ್ಷ ಮುಂಚೆಯೇ ಕಾಣುತ್ತಿತ್ತು ಎಂಬುದನ್ನು ಗಮನಿಸಬೇಕು. ಅದೇ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳನ್ನೂ ನೋಡಿ. ಒಂದೊಂದೂ ಸಣ್ಣದು, ಹೊಗೆಯಲ್ಲಿ ದುಡಿಯುವವರ ಕಷ್ಟ ದೊಡ್ಡದು. ಆದರೂ ಒಂದು ಭಟ್ಟಿ ಆರಿದರೆ ಊರು ಆರುವುದಿಲ್ಲ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯಂಥವು ಬೆಳೆದು ದಾವಣಗೆರೆ ವಿದ್ಯೆಯ ಊರೂ ಆಗಿದ್ದರಿಂದಲೇ ಗಿರಣಿ ಹೋದರೂ ಪೇಟೆ ಉಳಿಯಿತು. ಅಕ್ಕಡಿ ಸಾಲು ಹೊಲಕ್ಕೆ ಮಾತ್ರ ಅಲ್ಲ, ಊರಿಗೂ ಬೇಕು.

ಒಂದೇ ಗೂಟಕ್ಕೆ ಕಟ್ಟಿದರೆ

ಬ್ಯಾಂಕಿಗೂ ಬೇಕು. ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕು ನಮ್ಮಂಥ ಸಹಕಾರಿಯೇ ಆಗಿತ್ತು, ಬಹಳ ದೊಡ್ಡದು. ಅದರ ಸಾಲದ ಶೇಕಡಾ 70ಕ್ಕೂ ಹೆಚ್ಚು ಪಾಲು ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಹೋಗಿತ್ತು, ಅದನ್ನು ಮುಚ್ಚಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆ ತೋರಿಸಲಾಗಿತ್ತು ಎಂಬುದು 2019ರಲ್ಲಿ ಹೊರಬಿತ್ತು. ಆ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟಿದ್ದು ಬರೇ 1000 ರೂಪಾಯಿ. ಮುಪ್ಪಿಗೆ ಅಂತ ಇಟ್ಟವರು ಬ್ಯಾಂಕಿನ ಬಾಗಿಲಲ್ಲಿ ಅತ್ತರು. ಅದರ ನಂತರ 2020ರ ಫೆಬ್ರವರಿಯಲ್ಲಿ ಬ್ಯಾಂಕ್ ಠೇವಣಿಯ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು.

ಇಲ್ಲಿ ಸದಸ್ಯರು ಒಂದು ಮಾತು ತಿಳಿದಿರಬೇಕು. ಆ 5 ಲಕ್ಷದ ವಿಮೆ ಬ್ಯಾಂಕುಗಳಿಗೆ. ನಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಠೇವಣಿಗೆ ಅದು ಇಲ್ಲ. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಠೇವಣಿಗೆ ಕಾವಲು ಯಾವುದು ಅಂದರೆ, ವಸೂಲಿ, ಆಪದ್ಧನ ಮತ್ತು ಲೆಕ್ಕದ ಶಿಸ್ತು, ಇವು ಮೂರೇ.

ನಮ್ಮ ಮನೆಯ ಬಾಗಿಲು

ಹಾಗಾದರೆ ನಮ್ಮ ಸಂಘದ ಗಂಡಾಂತರಗಳು ಯಾವುವು? ಮೊದಲನೆಯದು ನೀರು. ನಮ್ಮದು ಭದ್ರಾ ನಾಲೆಯ ಕೊನೆ ಭಾಗ. ಜಲಾಶಯದ ಮಟ್ಟ 186 ಅಡಿ ಮುಟ್ಟಿತಾ ಅಂತ ಪೇಪರಿನಲ್ಲಿ ನೋಡುವುದೇ ನಮ್ಮ ಪಂಚಾಂಗ. 2023ರ ಬರದಲ್ಲಿ ನಾಲೆಗೆ ನೀರು ಬಿಡುವ, ನಿಲ್ಲಿಸುವ ವಿಷಯಕ್ಕೆ ರೈತರು ರಸ್ತೆಗಿಳಿಯಬೇಕಾಯಿತು. ಸಂಘ ಕೊಟ್ಟ ಸಾಲದಲ್ಲಿ ಹೆಚ್ಚಿನದು ಈ ಒಂದು ನಾಲೆಯನ್ನೇ ನಂಬಿದೆ. ಎರಡನೆಯದು ಹುಳ, ರೋಗ. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಮೊದಲು ಕಂಡ ಸೈನಿಕ ಹುಳು ಮೆಕ್ಕೆಜೋಳದ ಸುಳಿ ತಿನ್ನುತ್ತಾ ದೇಶವೆಲ್ಲ ಹಬ್ಬಿತು. ಮೂರನೆಯದು ಧಾರಣೆ. ಈಗ ಗದ್ದೆಗಳೆಲ್ಲ ಅಡಿಕೆ ತೋಟ ಆಗುತ್ತಿವೆ. ಅಡಿಕೆಗೆ ರೇಟು ಇರುವಾಗ ಎಲ್ಲರಿಗೂ ಅದೇ ಚಂದ. ಹತ್ತಿಯ ಊರು ಹತ್ತಿಯಿಂದಲೇ ಸೊರಗಿದ್ದನ್ನು ಕಂಡವರು ನಾವು, ಮರೆಯಬಾರದು.

ನಾಲ್ಕನೆಯದು ವಸೂಲಿ. 1990, 2008, 2018ರಲ್ಲಿ ಸಾಲಮನ್ನಾ ಬಂತು. ಕಷ್ಟದಲ್ಲಿದ್ದವರಿಗೆ ಉಸಿರು ಬಂತು, ಸುಳ್ಳಲ್ಲ. ಆದರೆ ‘ಹೆಂಗೂ ಮನ್ನಾ ಆಗ್ತದೆ ತಡೀರಿ’ ಅನ್ನುವ ಮಾತೂ ಊರಿಗೆ ಬಂತು. ಹೊತ್ತಿಗೆ ಕಟ್ಟಿದವನ ದುಡ್ಡೇ ಇನ್ನೊಬ್ಬನ ಬೀಜ, ಗೊಬ್ಬರ ಆಗುವುದು ಎಂಬುದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಐದನೆಯದು ಒಳಗಿನದು. ನಗದು, ಬೀಗದ ಕೈ, ರಸೀದಿ ಪುಸ್ತಕ ಮೂರೂ ಒಬ್ಬರ ಕೈಯಲ್ಲಿ ಇರಬಾರದು. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಒಳ್ಳೆಯವನನ್ನು ಒಳ್ಳೆಯವನಾಗಿಯೇ ಉಳಿಸುವ ದಾರಿ.

ಬೆಳೆ ವಿಮೆ ಇದೆಯಲ್ಲ ಎನ್ನಬಹುದು. 1985ರ ಸಮಗ್ರ ಬೆಳೆ ವಿಮೆಯಿಂದ 2016ರ ಫಸಲ್ ಬಿಮಾವರೆಗೆ ಯೋಜನೆಗಳು ಬಂದಿವೆ. ಆಹಾರ ಬೆಳೆಗೆ ಮುಂಗಾರಿನಲ್ಲಿ ರೈತ ಕಟ್ಟುವುದು ಶೇಕಡಾ 2 ಮಾತ್ರ. ಆದರೆ 2020ರ ಮುಂಗಾರಿನಿಂದ ಸಾಲಗಾರರಿಗೂ ಅದು ಕಡ್ಡಾಯವಲ್ಲ.

ಹಬ್ಬದ ವರ್ಷದ ತೀರ್ಮಾನ

ಈಗ ಇಷ್ಟನ್ನೆಲ್ಲ ಬರೆದ ಕಾರಣ ಹೇಳುತ್ತೇವೆ. ಬೆಳ್ಳಿ ಹಬ್ಬದ ವರ್ಷ, ಡಿವಿಡೆಂಡ್ ಜಾಸ್ತಿ ಕೊಡ್ರಿ ಎಂಬ ಬೇಡಿಕೆ ಊರಲ್ಲಿ ಇದೆ. ಕೇಳುವುದು ಸದಸ್ಯರ ಹಕ್ಕು. ನಮ್ಮ ಅಭಿಪ್ರಾಯ ಬೇರೆ. ಕಾನೂನು ಹೇಳಿದ ಶೇಕಡಾ 25 ಕನಿಷ್ಠ, ಅದಕ್ಕಿಂತ ಹೆಚ್ಚು ಆಪದ್ಧನಕ್ಕೆ ಹಾಕುವುದಕ್ಕೆ ಈ ವರ್ಷಕ್ಕಿಂತ ಒಳ್ಳೆ ವರ್ಷ ಇಲ್ಲ. ಆ ಹಣವನ್ನು ಪುಸ್ತಕದಲ್ಲಿ ಮಾತ್ರ ತೋರಿಸಿ ಸಾಲಕ್ಕೆ ತಿರುಗಿಸದೆ, ಬೇರೆಯಾಗಿಯೇ ಹೂಡಬೇಕು. ಕಾಳಿಲ್ಲದ ಹಗೇವು ಬರೀ ಗುಂಡಿ. ಜೊತೆಗೆ ಪ್ರತಿ ಮುಂಗಾರಿಗೆ ಮುಂಚೆ ಆಡಳಿತ ಮಂಡಳಿ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ: ಈ ವರ್ಷ ಏನು ಕೆಡಬಹುದು? ಕೆಟ್ಟರೆ ಎಷ್ಟು ಹೋಗಬಹುದು? ತಡೆಯಲು ಏನು ಮಾಡಿದ್ದೇವೆ? ತಡೆಯದಿದ್ದರೆ ಯಾವ ಹಣದಿಂದ ತುಂಬುತ್ತೇವೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮಹಾಸಭೆಯಲ್ಲಿ ಗಟ್ಟಿಯಾಗಿ ಓದಲಿ.

ತೀರ್ಮಾನ ಮಹಾಸಭೆಯದು. ಎಲ್ಲರಿಗಾಗಿ ಒಬ್ಬರು, ಒಬ್ಬರಿಗಾಗಿ ಎಲ್ಲರೂ ಎಂಬ ಮಾತನ್ನು ಸಭೆಯ ದಿನ ಬ್ಯಾನರಿನಲ್ಲಿ ಬರೆಯುತ್ತೇವೆ. ಅದು ನಿಜವಾಗುವುದು ನೀರು ಬಾರದ ವರ್ಷ, ಸಂಘದ ಬಾಗಿಲು ತೆರೆದೇ ಇದ್ದಾಗ. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವ ನಮ್ಮ ಮಕ್ಕಳು, ಅಂಥ ವರ್ಷಗಳನ್ನು ಈ ಸಂಘ ದಾಟಿತು ಎಂದು ಬರೆಯುವಂತಾಗಲಿ.