ಪಪುವ ನ್ಯೂ ಗಿನಿಯ ಸ್ವಾತಂತ್ರ್ಯವೂ ಅದರ ಕಲಾವಿದರೂ

2025ರ ಸೆಪ್ಟೆಂಬರ್ 16ರಂದು ಪಪುವ ನ್ಯೂ ಗಿನಿಯು ಸ್ವತಂತ್ರವಾಗಿ ಐವತ್ತು ವರ್ಷಗಳು ತುಂಬಿದುವು. ಆಸ್ಟ್ರೇಲಿಯದ ಉತ್ತರಕ್ಕಿರುವ ಈ ದೇಶದಲ್ಲಿ ಎಂಟುನೂರಕ್ಕೂ ಮಿಕ್ಕಿ ಭಾಷೆಗಳಿವೆ. ಜಗತ್ತಿನ ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ಇದರ ಬಿಡುಗಡೆಯ ಚರಿತ್ರೆಯನ್ನು ಭಾರತೀಯನೊಬ್ಬನು ಓದತೊಡಗಿದರೆ, ದೇಶವನ್ನೆಲ್ಲ ವ್ಯಾಪಿಸಿದ ಚಳವಳಿಯೊಂದು ಅಲ್ಲಿ ಕಾಣದಿರುವುದು ಮೊದಲು ಅವನ ಗಮನಕ್ಕೆ ಬರುತ್ತದೆ. ನ್ಯೂ ಬ್ರಿಟನ್ ದ್ವೀಪದ ಗೆಜೆಲ್ ಪ್ರದೇಶದಲ್ಲಿಯೂ ಬೂಗನ್‌ವಿಲ್‌ನಲ್ಲಿಯೂ ಪ್ರತಿಭಟನೆಗಳು ನಡೆದುದುಂಟು. ಆದರೆ ಅವು ಆಯಾ ಪ್ರಾಂತದವು. ಅಧಿಕಾರವು ಆಸ್ಟ್ರೇಲಿಯದ ಕೈಯಿಂದ ಚುನಾವಣೆ, ಸಮಿತಿ, ಸಂಧಾನಗಳ ಮೂಲಕ ಹಸ್ತಾಂತರವಾಯಿತು. ಹಾಗಾದರೆ ‘ನಾವೊಂದು ಜನ’ ಎಂಬ ಭಾವನೆ ಹುಟ್ಟಿದುದು ಎಲ್ಲಿಂದ? ಅದರ ಬಹುಭಾಗವು ಕೆಲವೇ ಮಂದಿ ತರುಣರ ಲೇಖನಿ, ಕುಂಚಗಳಿಂದ ಬಂದಿತೆಂದು ಹೇಳಬೇಕಾಗುತ್ತದೆ.

ಪಾಂಗು ಪಕ್ಷವು 1967ರಲ್ಲಿ ಸ್ಥಾಪಿತವಾಯಿತು. ಉಪಾಧ್ಯಾಯರಾಗಿ, ಆಕಾಶವಾಣಿಯಲ್ಲಿ ವರದಿಗಾರರಾಗಿ ಕೆಲಸಮಾಡಿದ್ದ ಮೈಕೇಲ್ ಸೊಮಾರೆ ಅವರು ಅದರ ನಾಯಕರಾಗಿ, ತಮ್ಮ 39ನೆಯ ವಯಸ್ಸಿನಲ್ಲಿ ಪ್ರಥಮ ಪ್ರಧಾನಿಯಾದರು. ಇದೇ ಕಾಲದಲ್ಲಿ, 1965ರಲ್ಲಿ ಸ್ಥಾಪನೆಗೊಂಡಿದ್ದ ಪೋರ್ಟ್ ಮೊರ್ಸ್‌ಬಿಯ ವಿಶ್ವವಿದ್ಯಾನಿಲಯದಲ್ಲಿ ಉಲ್ಲಿ ಬೈಯರ್ ಎಂಬ ಅಧ್ಯಾಪಕರು ತರುಣ ಬರೆಹಗಾರರನ್ನು ಪ್ರೋತ್ಸಾಹಿಸುತ್ತಿದ್ದರು. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ವಿಷಯವೆಂದರೆ, ರಾಜಕಾರಣಿಗಳೂ ಸಾಹಿತಿಗಳೂ ಎರಡು ಬೇರೆ ವರ್ಗಗಳಾಗಿರಲಿಲ್ಲ. 1968ರಲ್ಲಿ ಆತ್ಮಚರಿತ್ರೆಯನ್ನು ಪ್ರಕಟಿಸಿದ ಆಲ್ಬರ್ಟ್ ಮಾವೊರಿ ಕಿಕಿ ಅವರು ಮುಂದೆ ಉಪಪ್ರಧಾನಿಯಾದರು. 1970ರಲ್ಲಿ ದೇಶದ ಮೊದಲ ಕಾದಂಬರಿ ‘ಮೊಸಳೆ’ಯನ್ನು ಬರೆದ ವಿನ್ಸೆಂಟ್ ಎರಿ ಅವರು 1990ರಲ್ಲಿ ಗವರ್ನರ್ ಜನರಲ್ ಆದರು. ಸೊಮಾರೆಯವರೂ ಸ್ವಾತಂತ್ರ್ಯದ ವರ್ಷದಲ್ಲಿಯೇ ತಮ್ಮ ಆತ್ಮಚರಿತ್ರೆಯನ್ನು ಹೊರತಂದು, ಅದಕ್ಕೆ ‘ಸನಾ’ ಎಂದು ತಮ್ಮ ಅಜ್ಜನ ಹೆಸರನ್ನಿಟ್ಟರು.

ಚಿತ್ರಕಲೆಯ ಕಥೆ ಇನ್ನೂ ಸ್ವಾರಸ್ಯವಾದುದು. ಚಿಂಬು ಪ್ರಾಂತದ ಮಥಾಯಸ್ ಕವಾಗೆ ರಾಜಧಾನಿಗೆ ಬಂದುದು ಕೂಲಿಗಾಗಿ. 1969ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ತಿಮೋತಿ ಆಕಿಸ್‌ನ ಚಿತ್ರಗಳ ಪ್ರದರ್ಶನವನ್ನು ನೋಡಿ ಈತನೂ ರೇಖೆಗೆ ಕೈಹಚ್ಚಿದನು. ಬೈಯರರ ಪತ್ನಿ ಜಾರ್ಜಿನಾ ನೆರವಾದರು. ಹೆಲಿಕಾಪ್ಟರು, ಮೋಟಾರುಗಳು ಈತನ ಚಿತ್ರಗಳಲ್ಲಿ ಚಿಂಬುವಿನ ಹಬ್ಬದ ಅಲಂಕಾರವನ್ನು ತೊಟ್ಟು ನಿಂತಿವೆ. ಪ್ರಾಚೀನ ಶೈಲಿಯ ಅನುಕರಣೆಯೆಂದು ಇದನ್ನು ತಳ್ಳಿಹಾಕುವುದು ಸರಿಯಲ್ಲ. ಪಟ್ಟಣವನ್ನು ಮೊದಲ ಸಲ ಕಂಡ ಒಂದು ತಲೆಮಾರಿನ ಕಣ್ಣು ಇದು.

ರಾಷ್ಟ್ರಧ್ವಜವಂತೂ ಶಾಲೆಯೊಂದರಿಂದ ಬಂದಿತು. ನೀಲಿ, ಹಳದಿ, ಹಸುರು ಪಟ್ಟಿಗಳ ಧ್ವಜವನ್ನು ಅಧಿಕಾರಿಗಳು ಊರೂರಿಗೆ ಒಯ್ದು ತೋರಿಸಿದಾಗ ಜನರಿಗೆ ಅದು ರುಚಿಸಲಿಲ್ಲ. ಯೂಲ್ ದ್ವೀಪದ ಕ್ಯಾಥೊಲಿಕ್ ಮಿಷನ್ ಶಾಲೆಯ 15 ವರ್ಷದ ವಿದ್ಯಾರ್ಥಿನಿ ಸೂಸನ್ ಕರಿಕೆ ಬೇರೊಂದನ್ನು ರಚಿಸಿದಳು: ಕರ್ಣರೇಖೆಯಿಂದ ಇಬ್ಭಾಗವಾದ ಬಟ್ಟೆಯ ಕೆಂಪು ಭಾಗದಲ್ಲಿ ಹಳದಿಯ ಸ್ವರ್ಗಪಕ್ಷಿ, ಕಪ್ಪು ಭಾಗದಲ್ಲಿ ದಕ್ಷಿಣದ ಆಕಾಶದ ಐದು ಬಿಳಿಯ ನಕ್ಷತ್ರಗಳು. 1971ರ ಜುಲೈ 1ರಂದು ಇದು ಅಂಗೀಕೃತವಾಯಿತು. 2017ರಲ್ಲಿ ಆಕೆ ತೀರಿಕೊಂಡಾಗ ಸರ್ಕಾರದ ಗೌರವದೊಡನೆ ಅಂತ್ಯಕ್ರಿಯೆ ನಡೆಯಲು ತಿಂಗಳುಗಳೇ ಹಿಡಿದುವೆಂಬುದು ಖೇದಕರ.

ವೈಗಾನಿಯ ಸಂಸತ್ ಭವನವು 1984ರಲ್ಲಿ ಆರಂಭವಾಯಿತು. ಸೆಪಿಕ್ ಸೀಮೆಯಲ್ಲಿ ಪಿತೃದೇವತೆಗಳಿಗಾಗಿ ಕಟ್ಟುವ ಎತ್ತರದ ಮನೆಯ ಆಕಾರವನ್ನು ಅದಕ್ಕೆ ಕೊಟ್ಟರು. ಬಾಗಿಲಿನ ಮೇಲೆ ಮರದಲ್ಲಿ ಕೆತ್ತಿದ ಮುಖಗಳಿದ್ದುವು. 2013ರ ಕೊನೆಯಲ್ಲಿ ಆಗಿನ ಸಭಾಧ್ಯಕ್ಷ ಥಿಯೊಡೊರ್ ಜುರೆನುವೊಕ್ ಅವರು ಇವು ಕ್ರೈಸ್ತಧರ್ಮಕ್ಕೆ ವಿರುದ್ಧವಾದ ದುಷ್ಟಶಕ್ತಿಗಳ ಚಿಹ್ನೆಗಳೆಂದು ಬಗೆದು ಕಿತ್ತುಹಾಕಿಸಿದರು. ವೃದ್ಧ ಸೊಮಾರೆಯವರು ಕಟುವಾಗಿ ಪ್ರತಿಭಟಿಸಿದರು. 2016ರಲ್ಲಿ ರಾಷ್ಟ್ರೀಯ ನ್ಯಾಯಾಲಯವು ಈ ಕಾರ್ಯವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪುಕೊಟ್ಟಿತು.

ಸಭಾಧ್ಯಕ್ಷರ ಕಾರ್ಯವನ್ನು ಕೇವಲ ಧರ್ಮಾಂಧತೆಯೆಂದು ಬಿಟ್ಟುಬಿಡುವುದು ಸುಲಭ. ಆದರೆ 1975ರ ಸಂವಿಧಾನದ ಪೀಠಿಕೆಯಲ್ಲಿಯೇ ಪೂರ್ವಿಕರ ಉದಾತ್ತ ಸಂಪ್ರದಾಯಗಳನ್ನೂ ಕ್ರೈಸ್ತ ತತ್ತ್ವಗಳನ್ನೂ ಕಾಪಾಡಿ ಮುಂದಿನವರಿಗೆ ಒಪ್ಪಿಸುವುದಾಗಿ ಒಂದೇ ಉಸಿರಿನಲ್ಲಿ ಪ್ರತಿಜ್ಞೆ ಮಾಡಲಾಗಿತ್ತು. ಇವೆರಡೂ ಒಂದೇ ಛಾವಣಿಯ ಕೆಳಗೆ ಸೇರಿದಾಗ ಯಾವುದು ಯಾವುದಕ್ಕೆ ಎಡೆಗೊಡಬೇಕೆಂಬುದನ್ನು ಸಂವಿಧಾನಕರ್ತರು ಹೇಳದೆ ಬಿಟ್ಟಿದ್ದರು. 2025ರ ಮಾರ್ಚ್ ತಿಂಗಳಲ್ಲಿ, ಸುವರ್ಣೋತ್ಸವಕ್ಕೆ ಆರು ತಿಂಗಳಿರುವಾಗ, ಸಂಸತ್ತು ಸಂವಿಧಾನವನ್ನು ತಿದ್ದಿ ದೇಶವನ್ನು ಕ್ರೈಸ್ತರಾಷ್ಟ್ರವೆಂದು ಸಾರಿತು. ತೀರ್ಪಿನ ಮೇಲೆ ಮುಗಿದಂತಿದ್ದ ವಾದವು ಹೀಗೆ ಮತ್ತೆ ತೆರೆಯಿತು. ಅದನ್ನು ಮುಂದುವರಿಸಬೇಕಾದವರು ಇಂದಿನ ತರುಣ ನಾಯಕರು, ಕಲಾವಿದರು. ಅವರಲ್ಲಿ ಒಬ್ಬರೂ 1975ರ ಸೆಪ್ಟೆಂಬರನ್ನು ಕಂಡವರಲ್ಲ.

ಭವನದ ಮುಖಗಳಿಗೆ ಬಂದ ಈ ಗತಿ ಧ್ವಜಕ್ಕೆ ಬರಲಿಲ್ಲ. ಕೆತ್ತಿದ ಮುಖವು ಯಾವುದೋ ಒಂದು ಕುಲದ ಹಿರಿಯನ ಮುಖ. ಅದನ್ನು ಪೂಜಿಸುವವರೂ ಇರುತ್ತಾರೆ, ಅದಕ್ಕೆ ಅಂಜುವವರೂ ಇರುತ್ತಾರೆ. ಸ್ವರ್ಗಪಕ್ಷಿಯ ಗರಿಯನ್ನಾದರೋ ಹಬ್ಬದ ದಿನ ತಲೆಗೆ ಮುಡಿಯುವ ಕುಲಗಳು ಅನೇಕ. ಅಲ್ಲದೆ ಅದನ್ನು ಧ್ವಜಕ್ಕೆ ತಂದವಳು ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ.